ಸರ್ಚ್ ಜಾಹೀರಾತಿನ ಹರಾಜು: ಪೂರ್ತಿ ಬಿಡ್, ತಗ್ಗಿಸಿದ ಬಿಡ್, ಟಾರ್ಗೆಟ್ ಸಿಪಿಎ

ಸರ್ಚ್ ಜಾಹೀರಾತು (ಹುಡುಕಾಟದ ಫಲಿತಾಂಶದ ಪುಟದಲ್ಲಿ ಕಾಣುವ ಜಾಹೀರಾತು) ನಡೆಸುವವರಲ್ಲಿ ಬೇರೂರಿದ ನಂಬಿಕೆಯೊಂದಿದೆ: ಗೆದ್ದವರು ಕೊಡುವುದು ಕೆಳಗಿನವರನ್ನು ಮೀರಲು ಬೇಕಾದಷ್ಟೇ, ಹಾಗಾಗಿ ಕ್ಲಿಕ್ಕಿನ ಪೂರ್ತಿ ಮೌಲ್ಯವನ್ನೇ ಬಿಡ್ (ಒಂದು ಕ್ಲಿಕ್ಕಿಗೆ ಹೆಚ್ಚೆಂದರೆ ಕೊಡಲು ಒಪ್ಪುವ ಬೆಲೆ) ಹಾಕಿದರೂ ನಷ್ಟವಿಲ್ಲ. ಒಂದೇ ವಸ್ತುವಿನ ಹರಾಜಿಗೆ ಈ ಮಾತು ಸರಿ. ಸರ್ಚ್ ಪುಟದಲ್ಲಿ ಬಿಕರಿಯಾಗುವುದು ಒಂದರ ಕೆಳಗೊಂದು ಹಲವು ಜಾಗಗಳು. ಅಲ್ಲಿ ಪೂರ್ತಿ ಮೌಲ್ಯ ಕೂಗುವುದೇ ಸದಾ ಲಾಭದ ದಾರಿಯಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಎಡೆಲ್‌ಮನ್, ಒಸ್ಟ್ರೋವ್ಸ್ಕಿ, ಶ್ವಾರ್ಜ್ 2007ರಲ್ಲೇ ತೋರಿಸಿದ್ದಾರೆ.

ಲೆಕ್ಕ ಹಾಕಿ ನೋಡಿ. ಒಂದು ಕ್ಲಿಕ್ಕಿನ ಮೌಲ್ಯ 100 ರೂಪಾಯಿ ಎಂದಿರಲಿ. ಮೂರನೇ ಜಾಗದಲ್ಲಿ ದಿನಕ್ಕೆ 40 ಕ್ಲಿಕ್, ತಲಾ 30. ಖರ್ಚು 1200, ಉಳಿಕೆ 2800. ಎರಡನೇ ಜಾಗದಲ್ಲಿ 70 ಕ್ಲಿಕ್, ತಲಾ 45. ಖರ್ಚು 3150, ಉಳಿಕೆ 3850. ಮೊದಲ ಜಾಗದಲ್ಲಿ 100 ಕ್ಲಿಕ್, ತಲಾ 80. ಖರ್ಚು 8000, ಉಳಿಕೆ ಬರೀ 2000. ಪೂರ್ತಿ 100 ಬಿಡ್ ಹಾಕಿದವರು ಮೊದಲ ಜಾಗಕ್ಕೆ ಹೋಗಿ ಕೂರುತ್ತಾರೆ. ರಿಪೋರ್ಟಿನಲ್ಲಿ ಸರಾಸರಿ 80 ಕಾಣುತ್ತದೆ, ಲಾಭವೇ ಅನ್ನಿಸುತ್ತದೆ. ಆದರೆ ಎರಡರಿಂದ ಒಂದಕ್ಕೆ ಏರಿದಾಗ ಹೆಚ್ಚಿಗೆ ಸಿಕ್ಕ 30 ಕ್ಲಿಕ್ಕಿಗೆ ಹೆಚ್ಚಿಗೆ ತೆತ್ತದ್ದು 4850, ಅಂದರೆ ತಲಾ ಸುಮಾರು 162! ಮೂರರಿಂದ ಎರಡಕ್ಕೆ ಏರಲು ತಗಲಿದ್ದು ತಲಾ 65, ಅದು ಲಾಭದ್ದೇ. ನೋಡಬೇಕಾದ್ದು ಈ ಹೆಚ್ಚುವರಿ ಕ್ಲಿಕ್ಕಿನ ಬೆಲೆಯನ್ನು, ಸರಾಸರಿಯನ್ನಲ್ಲ. ಹೀಗಾಗಿ ಕೈಯಾರೆ ಬಿಡ್ ಹಾಕುವಲ್ಲಿ ತಗ್ಗಿಸಿದ ಬಿಡ್ಡೇ ಮೇಲು. ಒಂದು ಸಲಕ್ಕೆ ಶೇ. 10ರಷ್ಟು ಇಳಿಸಿ, ಒಂದೆರಡು ವಾರ ಬಿಟ್ಟು, ಎಷ್ಟು ಕ್ಲಿಕ್ ಹೋಯಿತು, ಎಷ್ಟು ಹಣ ಉಳಿಯಿತು ಎಂದು ನೋಡಿ, ಉಳಿದ ಹಣವನ್ನು ಹೋದ ಕ್ಲಿಕ್ಕುಗಳಿಂದ ಭಾಗಿಸಿ. ಬಂದ ಸಂಖ್ಯೆ ಕ್ಲಿಕ್ಕಿನ ಮೌಲ್ಯಕ್ಕಿಂತ ಹೆಚ್ಚಿದ್ದರೆ ಇನ್ನೂ ಇಳಿಸಬಹುದು.

ಬಿಡ್ ಮುಟ್ಟದೆಯೂ ಬೆಲೆ ಇಳಿಯುತ್ತದೆ. ಸರಳವಾಗಿ ಹೇಳುವುದಾದರೆ, ಕೆಳಗಿನವರ ಬಿಡ್ಡನ್ನು ಅವರ ಜಾಹೀರಾತಿನ ಗುಣಮಟ್ಟದಿಂದ (ಅದು ಹುಡುಕಾಟಕ್ಕೆ ಎಷ್ಟು ಹೊಂದುತ್ತದೆ ಎಂದು ಸರ್ಚ್ ಕಂಪನಿ ಕೊಡುವ ಅಂಕ) ಗುಣಿಸಿ, ನಿಮ್ಮ ಗುಣಮಟ್ಟದಿಂದ ಭಾಗಿಸಿದರೆ ನೀವು ಕೊಡುವ ಬೆಲೆ. ಆ ಗುಣಲಬ್ಧ 320 ಇದ್ದು ನಿಮ್ಮ ಗುಣಮಟ್ಟ 5 ಇದ್ದರೆ 64. ಅದೇ 8 ಆದರೆ 40. ಜಾಹೀರಾತಿನ ಸಾಲು ಹುಡುಕಾಟದ ಪದಕ್ಕೆ ಹೊಂದಿಲ್ಲದಿದ್ದರೆ ಯಾವ ಬಿಡ್ ತಂತ್ರವೂ ಅದನ್ನು ಸರಿದೂಗಿಸದು.

ಎದುರಾಳಿಯ ಬಿಡ್ಡಿಗೆ ತುಸು ಕೆಳಗೆ ನಿಂತು ಅವರ ಬಜೆಟ್ ಬೇಗ ಕರಗಿಸುವ ಹಳೇ ಪಟ್ಟು ಈಗ ಬೇಡ. ಬಿಡ್‌ಗಳು ಎಲ್ಲರ ಕಣ್ಣಿಗೆ ಬೀಳುತ್ತಿದ್ದ ಕಾಲಕ್ಕೆ ಅದು ಸರಿಹೋಗುತ್ತಿತ್ತು. ಈಗ ಬಿಡ್ ಕಾಣದು, ಗುಣಮಟ್ಟವೋ ಪ್ರತಿ ಹುಡುಕಾಟಕ್ಕೂ ಹೊಸದಾಗಿ ಲೆಕ್ಕವಾಗುತ್ತದೆ. ಎದುರಾಳಿ ಒಂದು ಹೆಜ್ಜೆ ಇಳಿದರೆ ಆ ದುಬಾರಿ ಜಾಗ ನಿಮ್ಮ ಕೊರಳಿಗೇ ಬೀಳುತ್ತದೆ.

ಟಾರ್ಗೆಟ್ ಸಿಪಿಎ ಎಂದರೆ ಒಂದು ಕನ್ವರ್ಷನ್ನಿಗೆ (ಕ್ಲಿಕ್ ಮಾಡಿದವರು ಕೊಳ್ಳುವಂಥ ಬೇಕಾದ ಕೆಲಸ ಮಾಡುವುದಕ್ಕೆ) ಎಷ್ಟು ಖರ್ಚಾಗಬೇಕೆಂದು ನೀವು ಹೇಳಿದರೆ ಯಂತ್ರವೇ ಬಿಡ್ ಹಾಕುವ ವಿಧಾನ. ಅದು ಪ್ರತಿ ಹುಡುಕಾಟಕ್ಕೂ ಬೇರೆ ಬಿಡ್ ಹಾಕುತ್ತದೆ. ಸಾಧನ, ಸಮಯ, ಸ್ಥಳ ಎಲ್ಲ ನೋಡುತ್ತದೆ. ಕೈಯಿಂದ ಇದು ಆಗದ ಕೆಲಸ. ಕ್ಯಾಂಪೇನಿಗೆ ತಿಂಗಳಿಗೆ 30 ಕನ್ವರ್ಷನ್ನಾದರೂ ಇದ್ದರೆ ಇದನ್ನೇ ಆರಿಸಿ. ಐದಾರು ಮಾತ್ರ ಇದ್ದರೆ ಕೈಯಾರೆ ಬಿಡ್ ಹಾಕುವುದರಲ್ಲೇ ಇರಿ, ಅಷ್ಟರಿಂದ ಯಂತ್ರ ಕಲಿಯುವುದು ಕಷ್ಟ. ಎಚ್ಚರ ಬೇಕಾದ್ದು ಇಲ್ಲಿ: ಟಾರ್ಗೆಟ್ ಎಂದರೆ ಸರಾಸರಿ. 500 ಎಂದು ಕೊಟ್ಟರೆ ಕೆಲವು ಕನ್ವರ್ಷನ್ 250ಕ್ಕೆ, ಕೊನೆಯವು 900ಕ್ಕೆ ಬಂದರೂ ಅದರ ಲೆಕ್ಕ ಸರಿಯೇ. ಒಂದು ಕನ್ವರ್ಷನ್ ನಿಮಗೆ 500ಕ್ಕಷ್ಟೇ ಗಿಟ್ಟುವುದಾದರೆ ಟಾರ್ಗೆಟ್ ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. ಒಮ್ಮೆಗೇ ಅರ್ಧಕ್ಕೆ ಇಳಿಸಿದರೆ ಜಾಹೀರಾತು ಕಾಣಿಸುವುದೇ ನಿಲ್ಲಬಹುದು, ಶೇ. 10–15ರಂತೆ ಇಳಿಸಿ.

ಈ ವಿಧಾನಗಳನ್ನು ಹೋಲಿಸುವಾಗ ಇನ್ನೊಂದು ತಪ್ಪು ಆಗುತ್ತದೆ. ಕ್ಲಿಕ್ ಮಾಡಿ ಏಳು ದಿನಕ್ಕೆ ಕೊಳ್ಳುವ ಗ್ರಾಹಕರಿದ್ದರೆ ಕೊನೆಯ ಏಳು ದಿನದ ಕನ್ವರ್ಷನ್ ಇನ್ನೂ ಪೂರ್ತಿ ಬಂದಿರುವುದಿಲ್ಲ. ಆ ವಾರವನ್ನು ಬಿಟ್ಟು ಲೆಕ್ಕ ಹಾಕಿ.