ಹಳೇ ಕಾರಿನ ಗುರುತು ಸಿಗದ ಸೆನ್ಸಾರ್: ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಎಷ್ಟು ಉಪಯೋಗ?

ಸೆನ್ಸಾರ್ ಮೇಲಿನ ನಂಬರ್ ಅಳಿಸಿಹೋಗಿದ್ದರೆ ದಾವಣಗೆರೆಯ ಪಿ.ಬಿ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಏನಂತ ಕೇಳುವುದು? ಇಎಲ್‌ಎಂ327 ಹೆಸರಿನಲ್ಲಿ 1000 ರೂಪಾಯಿಯೊಳಗೆ ಸಿಗುವ, ಕಾರಿನ ಕಂಪ್ಯೂಟರಿನ ಮಾಹಿತಿ ಓದಿ ಫೋನಿನಲ್ಲಿ ತೋರಿಸುವ ಬ್ಲೂಟೂತ್ ಸ್ಕ್ಯಾನರನ್ನು ಈ ಒಂದು ಕೆಲಸಕ್ಕಾಗಿಯೇ ಇಲ್ಲಿ ಅಳೆದು ನೋಡಿದೆ. ಕಾರು ಅದರ ಜೊತೆ ಮಾತಾಡಿದರೆ ಬಹಳ ಒಳ್ಳೆಯ ಸಾಧನ. ಆದರೆ ಒಂದೇ ವಸ್ತು ಕೊಳ್ಳಲು ದುಡ್ಡಿದ್ದರೆ ಮೊದಲು ವೋಲ್ಟ್, ಓಮ್ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಳ್ಳಿ.

ಕೊಳ್ಳುವ ಮುಂಚೆ ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಟಾರ್ಚ್ ಬಿಟ್ಟು ನೋಡಿ. 4 ಮತ್ತು 5 ಅರ್ಥ್, 16 ಬ್ಯಾಟರಿ ಕರೆಂಟ್. 6 ಮತ್ತು 14ರಲ್ಲಿ ಪಿನ್ ಇದ್ದರೆ ಸಾಮಾನ್ಯವಾಗಿ ಕ್ಯಾನ್, 7ರಲ್ಲಿ ಇದ್ದರೆ ಕೆ-ಲೈನ್ (ಎರಡೂ ಕಾರಿನ ಕಂಪ್ಯೂಟರ್ ಮಾತಾಡುವ ದಾರಿಗಳು). ಈ ಪಿನ್‌ಗಳು ಯಾವುದೂ ಇಲ್ಲದಿದ್ದರೆ ದುಡ್ಡು ಹಾಕಬೇಡಿ. ಪಿನ್ ಇದ್ದ ಮಾತ್ರಕ್ಕೆ ಗ್ಯಾರಂಟಿಯೂ ಇಲ್ಲ. 2000ರ ಆಸುಪಾಸಿನ ಕೆಲವು ಕಾರುಗಳಲ್ಲಿ ಸಾಕೆಟ್ ಮಾಮೂಲಿನದೇ ಇದ್ದರೂ ಒಳಗಿನ ಭಾಷೆ ಕಂಪನಿಯದೇ ಆಗಿರುತ್ತದೆ. ಹಾಗಾಗಿ ವಾಪಸ್ ತೆಗೆದುಕೊಳ್ಳುವವರ ಹತ್ತಿರವೇ ಕೊಳ್ಳಿ.

ಸ್ಕ್ಯಾನರ್ ನಿಜಕ್ಕೂ ಗೆಲ್ಲುವುದು ಕಪ್ಲರ್ (ಸೆನ್ಸಾರಿಗೆ ಕೂರುವ ವೈರಿನ ಪ್ಲಗ್) ಬಿಚ್ಚಿ ನೋಡುವ ಪರೀಕ್ಷೆಯಲ್ಲಿ. ಎಂಜಿನ್ ತಣ್ಣಗಿರಲಿ, ಕೀ ಆಫ್ ಇರಲಿ. ಅನುಮಾನದ ಸೆನ್ಸಾರಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಲೈವ್ ಡೇಟಾ (ಆ ಕ್ಷಣದ ಅಂಕಿಗಳು) ನೋಡಿ. ಕೂಲೆಂಟ್ ಉಷ್ಣಾಂಶ ಸೀದಾ -40 ಡಿಗ್ರಿಗೆ ಬಿದ್ದರೆ ಕೈಯಲ್ಲಿರುವುದು ಕೂಲೆಂಟ್ ಸೆನ್ಸಾರ್, ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಪಿ0118. ಗಾಳಿಯ ಉಷ್ಣಾಂಶ ಬಿದ್ದರೆ ಇಂಟೇಕ್ ಸೆನ್ಸಾರ್, ಪಿ0113. ಕೆಲವು ಇಸಿಯುಗಳು (ಎಂಜಿನ್ ಕಂಪ್ಯೂಟರ್) ಸೆನ್ಸಾರ್ ಹೋದ ಕೂಡಲೇ ತಮ್ಮದೇ ಅಂದಾಜು ಅಂಕಿ ತೋರಿಸುತ್ತವೆ. ಅಲ್ಲಿ ಲೈವ್ ಡೇಟಾಕ್ಕಿಂತ ಕೋಡನ್ನೇ ನಂಬಬೇಕು. ಮುಗಿದ ಮೇಲೆ ಕಪ್ಲರ್ ಹಾಕಿ ಕೋಡ್ ಅಳಿಸಿ. ಹಳದಿ ಕಪ್ಲರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದನ್ನು ಮುಟ್ಟಲೇಬೇಡಿ.

ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸಾರ್ ವಿಷಯದಲ್ಲಿ ನಮ್ಮ ಊರಿಗೆ ಒಂದು ಎಚ್ಚರಿಕೆ. ಕೈಪಿಡಿಗಳಲ್ಲಿ ಎಂಜಿನ್ ನಿಂತಾಗ ಸುಮಾರು 101 ಕಿಲೋಪಾಸ್ಕಲ್ ಎಂದು ಇದ್ದರೆ ಅದು ಸಮುದ್ರಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ 94ರ ಆಸುಪಾಸು ಬರುವುದೇ ಸರಿ. ಚಿತ್ರದುರ್ಗ ಇನ್ನೂ ಎತ್ತರ, ಅಲ್ಲಿ 93ರ ಹತ್ತಿರ. ಈ ವ್ಯತ್ಯಾಸ ನೋಡಿ ಚೆನ್ನಾಗಿರುವ ಸೆನ್ಸಾರನ್ನು ಬದಲಿಸಬೇಡಿ.

ಸ್ಕ್ಯಾನರ್ ಕೈಕೊಟ್ಟ ಕಾರಿನಲ್ಲಿ ಸೆನ್ಸಾರಿನ ವೈರುಗಳನ್ನು ಎಣಿಸಿ, ಮಲ್ಟಿಮೀಟರ್ ಹಿಡಿದು ನೋಡಿ. ಎಂಜಿನ್ ಬ್ಲಾಕಿನಲ್ಲಿ ಆಯಿಲ್ ದಾರಿಗೆ ಕೂತಿರುವ ಒಂಟಿ ವೈರಿನದು ಬಹುಪಾಲು ಆಯಿಲ್ ಪ್ರೆಶರ್ ಸ್ವಿಚ್: ಎಂಜಿನ್ ನಿಂತಾಗ ಕಾರಿನ ಬಾಡಿಯ ಜೊತೆ ಅರ್ಥ್ ತೋರಿಸುತ್ತದೆ, ಸ್ಟಾರ್ಟ್ ಆದ ಮೇಲೆ ಬಿಡುತ್ತದೆ. ಕೂಲೆಂಟ್ ದಾರಿಯ ಒಂಟಿ ವೈರಿನದು ಮೀಟರ್ ಬೋರ್ಡಿನ ಮುಳ್ಳಿಗೆ ಸೇರಿದ್ದು, ಪಕ್ಕದ ಎರಡು ವೈರಿನದು ಇಸಿಯುವಿಗೆ. ಇವೆರಡನ್ನೂ ಒಂದೇ ಎಂದುಕೊಂಡು ತಪ್ಪು ಸೆನ್ಸಾರ್ ತರುವವರೇ ಹೆಚ್ಚು. ಇಸಿಯುವಿನದು ತಣ್ಣಗಿದ್ದಾಗ ಹೆಚ್ಚು ಓಮ್, ಬಿಸಿಯಾದಂತೆ ಕಡಿಮೆ. ಸುಜುಕಿ ಎಂಜಿನ್‌ಗಳಲ್ಲಿ 20 ಡಿಗ್ರಿಗೆ ಸುಮಾರು 2.2ರಿಂದ 2.7 ಕಿಲೋ ಓಮ್, 80 ಡಿಗ್ರಿಗೆ 300 ಓಮ್ ಆಸುಪಾಸು. ಬರೀ ಆನ್-ಆಫ್ ತೋರಿಸಿದರೆ ಅದು ಫ್ಯಾನ್ ಸ್ವಿಚ್.

ಮೂರು ವೈರಿನದಾದರೆ ಕೀ ಆನ್ ಮಾಡಿ ವೋಲ್ಟ್ ನೋಡಿ: ಒಂದರಲ್ಲಿ 5 ವೋಲ್ಟ್, ಒಂದು ಅರ್ಥ್, ಇನ್ನೊಂದು ಸಿಗ್ನಲ್. ಆಕ್ಸಿಲರೇಟರ್ ಒತ್ತಿದಂತೆ ಸಿಗ್ನಲ್ ಅರ್ಧ ವೋಲ್ಟಿನಿಂದ 4 ವೋಲ್ಟ್ ಮೇಲಕ್ಕೆ ನಿಧಾನವಾಗಿ ಏರಿದರೆ ಅದು ಥ್ರಾಟಲ್ ಸೆನ್ಸಾರ್. ಮಧ್ಯದಲ್ಲಿ ಜಿಗಿದರೆ ಸವೆದಿದೆ. ಕ್ರ್ಯಾಂಕ್ ಸೆನ್ಸಾರ್ ಮೂರು ವೈರಿನದಾದರೆ ಓಮ್ ಪರೀಕ್ಷೆ ಮಾಡಬೇಡಿ, ಒಳಗೆ ಸಾಮಾನ್ಯವಾಗಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತದೆ, ಓಮ್ ಅಂಕಿಗೆ ಅರ್ಥವಿಲ್ಲ. ಸೈಲೆನ್ಸರ್ ಪೈಪಿನ ನಾಲ್ಕು ವೈರಿನದು ಆಕ್ಸಿಜನ್ ಸೆನ್ಸಾರ್. ಅದರಲ್ಲಿ ಒಂದೇ ಬಣ್ಣದ ಎರಡು ವೈರು ಹೀಟರಿನದು.

ಈ ಸ್ಕ್ಯಾನರಿನ ಕೊರತೆಗಳೂ ಇವೆ. ಕೆ-ಲೈನ್ ಕಾರುಗಳಲ್ಲಿ ಅಂಕಿ ನಿಧಾನವಾಗಿ ಬದಲಾಗುವುದರಿಂದ ಒಂದು ಸಲಕ್ಕೆ ಒಂದೆರಡು ಮಾಹಿತಿ ಮಾತ್ರ ತೆರೆದಿಡಿ. ಡಬ್ಬಿ ಮೇಲೆ ಅಚ್ಚಾದ ವರ್ಷನ್ ನಂಬರ್ ನಂಬುವಂಥದ್ದಲ್ಲ, ನಕಲಿಗಳೇ ಜಾಸ್ತಿ. ಮಾಮೂಲಿ ಬ್ಲೂಟೂತ್ ಮಾದರಿಗಳು ಐಫೋನ್‌ಗೆ ಜೋಡಿಯಾಗುವುದಿಲ್ಲ, ವೈಫೈ ಅಥವಾ ಬ್ಲೂಟೂತ್ ಎಲ್‌ಇ ಮಾದರಿ ಬೇಕು. ಸಾಕೆಟ್ಟಿನ ಬ್ಯಾಟರಿ ಪಿನ್ ಸದಾ ಜೀವಂತ ಇರುವುದರಿಂದ ರಾತ್ರಿ ಕಿತ್ತಿಡಿ. ಹಳೇ ಬ್ಯಾಟರಿ ಆದರಂತೂ ಖಂಡಿತ.

ಅಂಗಡಿಗೆ ಹೋಗುವಾಗ ಹಳೇ ಸೆನ್ಸಾರನ್ನೇ ಒಯ್ಯಿರಿ, ಎಂಜಿನ್ ಮಾದರಿ ಮತ್ತು ವರ್ಷ ಬರೆದಿಟ್ಟುಕೊಳ್ಳಿ. ಕಪ್ಲರಿನ ಆಕಾರ, ಥ್ರೆಡ್ ಎರಡೂ ಹೊಂದಿದರೂ ಒಳಗಿನ ಓಮ್ ಬೇರೆ ಇರಬಹುದು, ಹೊಸದನ್ನು ಕೌಂಟರ್ ಮೇಲೆಯೇ ಮೀಟರ್ ಹಿಡಿದು ನೋಡಿ ದುಡ್ಡು ಕೊಡಿ.