ಮಡಕೆ ಚೂರಿಗೆ ಯಾವ ಪರೀಕ್ಷೆ?

ಚಂದ್ರಗಿರಿ ಹೊಳೆ ದಂಡೆಯ ತೋಟದಲ್ಲಿ ಸಿಕ್ಕ ಹಳೆಯ ಮಡಕೆ ಚೂರುಗಳು ಎಲ್ಲಿಯವು, ಹೇಗೆ ಮಾಡಿದ್ದು ಅಂತ ತಿಳಿಯಲು ಯಾವ ಪರೀಕ್ಷೆ ಅಂತ ಕೇಳಿದ್ದೀರಿ.

ಚೂರು ಜಾಸ್ತಿ ಇದ್ದು, ಒಂದೂ ಒಡೆಯಬಾರದು ಅಂದ್ರೆ ಎಕ್ಸ್-ರೇ ಹಾಯಿಸಿ ಮಣ್ಣಿನಲ್ಲಿ ಯಾವ ಧಾತು ಎಷ್ಟಿದೆ ಅಂತ ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ. ನಿಮಿಷಗಳ ಕೆಲಸ. ಆದರೆ ಅದು ನೋಡುವುದು ಮೇಲ್ಮೈ ಮಾತ್ರ. ಕೊಳೆ, ಮೆರುಗು ಇದ್ದರೆ ಲೆಕ್ಕ ತಪ್ಪುತ್ತದೆ.

ಮಡಕೆ ಹೇಗೆ ಮಾಡಿದರು ಅಂತ ತಿಳಿಯಬೇಕಾ? ಹಾಗಾದರೆ ಒಂದು ತುಂಡು ಕತ್ತರಿಸಲೇಬೇಕು. ಅದನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಕುಂಬಾರ ಬೆರೆಸಿದ ಮರಳು, ಹೊಟ್ಟು ಸುಟ್ಟು ಉಳಿದ ತೂತು, ಎಲ್ಲ ಕಾಣುತ್ತದೆ. ಮರಳು ಎಲ್ಲಿಯದು ಅಂತ ಗೊತ್ತಾದರೆ ಮಡಕೆ ಎಲ್ಲಿಯದು ಅಂತಲೂ ಊಹಿಸಬಹುದು. ಕೇರಳದ ಪಟ್ಟಣಂ ಎಂಬ ಊರಿನ ಉತ್ಖನನದಲ್ಲಿ ಸಿಕ್ಕ ಕೆಲವು ರೋಮನ್ ಜಾಡಿಗಳಲ್ಲಿ ಇಟಲಿಯ ನೇಪಲ್ಸ್ ಕಡೆಯ ಕಪ್ಪು ಜ್ವಾಲಾಮುಖಿ ಮರಳಿದೆ. ನಮ್ಮ ಮುರಕಲ್ಲಿನ ಮಣ್ಣಲ್ಲಿ ಅದೆಲ್ಲಿಂದ ಬರಬೇಕು, ಅಲ್ವಾ? ನನಗಂತೂ ಈ ದಾರಿಯೇ ಇಷ್ಟ.

ಒಂದೇ ತರದ ಮಣ್ಣಿನ ಎರಡು ಊರುಗಳನ್ನು ಬೇರ್ಪಡಿಸಬೇಕಿದ್ದರೆ ನ್ಯೂಟ್ರಾನ್ ಪರೀಕ್ಷೆ, ಅಂದ್ರೆ ಚೂರಿನ ಮಾದರಿಗೆ ನ್ಯೂಟ್ರಾನ್ ಕಣ ಹಾಯಿಸಿ ತೀರಾ ಕಡಿಮೆ ಇರುವ ಧಾತುಗಳನ್ನೂ ಅಳೆಯುವುದು. ಅದಕ್ಕೆ ಪರಮಾಣು ರಿಯಾಕ್ಟರ್ ಬೇಕು. ಹೋಲಿಸಲು ಆ ಊರುಗಳ ಜೇಡಿಮಣ್ಣೂ ಬೇಕು.