ಎಡಕ್ಕೆ ರಿವೆಟ್ ನಟ್, ಬಲಕ್ಕೆ ಕಬ್ಬಿಣದ ಪಟ್ಟಿ: ಬಿಚ್ಚಿ ಹಾಕುವ ಫೆಂಡರ್‌ಗಳ ಹೋಲಿಕೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡಿನಲ್ಲಿ ನಾನು ಕಟ್ಟಿಕೊಂಡ ಎರಡು ಸೀಟಿನ ಕಾರು, ಹಿಂದಿನ ಚಕ್ರಗಳ ಮಡಗಾರ್ಡುಗಳನ್ನು, ಅಂದರೆ ಫೆಂಡರ್‌ಗಳನ್ನು, ಕೂರಿಸಿದ ದಿನವೇ ಶಟರಿನ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೀಗಾಗಿ ಅವನ್ನು ಬಿಚ್ಚಿ ಹಾಕುವಂತೆ ಮಾಡುವುದು ಅನಿವಾರ್ಯವಾಯಿತು. ಕಾರಿನ ಮಾದರಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಹಗುರ ಬ್ರಿಟಿಷ್ ಕಾರಿನದು. ನನ್ನದರಲ್ಲಿ ಚೌಕ ಪೈಪಿನ ಚಾಸಿ, ಅದರ ಮೇಲೆ ತೆಳುವಾದ ಅಲ್ಯೂಮಿನಿಯಂ ಹಾಳೆ, ಹೊರಗೆ ಫೈಬರ್ ಫೆಂಡರ್. ಎರಡು ಬದಿಗೆ ಎರಡು ವಿಧಾನ ಅಳವಡಿಸಿದರೆ ಒಂದೇ ಓಟದಲ್ಲಿ ಹೋಲಿಕೆ ಸಿಗುತ್ತದೆ ಎಂದುಕೊಂಡು ಪ್ರಯೋಗಕ್ಕೆ ಇಳಿದೆ.

ನೋಂದಣಿಯಿಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಂತಿಲ್ಲವಾದ್ದರಿಂದ ಅದನ್ನು ಟೆಂಪೋದಲ್ಲಿ ಹೇರಿಕೊಂಡು, ಮೊದಲು ಕಲಘಟಗಿ ಕಡೆಯ ಗೆಳೆಯನ ತೋಟದ ಕೆಂಪು ಗರಸಿನ ದಾರಿಯಲ್ಲಿ, ಬಳಿಕ ನವಲಗುಂದ ಕಡೆ ನಮ್ಮ ಕಾಕಾನ ಎರೆಹೊಲದ ಚಕ್ಕಡಿ ದಾರಿಯಲ್ಲಿ ಓಡಿಸಿದೆ. ಈ ಎರಡು ನೆಲಗಳು ಫೆಂಡರನ್ನು ಎರಡು ರೀತಿಯಲ್ಲಿ ಪರೀಕ್ಷಿಸುತ್ತವೆ. ಗರಸು ಕಲ್ಲೆಸೆದು ನಡುಗಿಸುತ್ತದೆ. ಹಸಿ ಎರೆಮಣ್ಣು ಒಳಮೈಗೆ ಮೆತ್ತಿಕೊಂಡು, ಹಗುರಾದ ಫೈಬರಿನ ಮೇಲೆ ಅದರ ತೂಕವನ್ನೂ ಮೀರಿದ ಭಾರವನ್ನು ಹೇರುತ್ತದೆ. ಕಾಕಾ ಮೊದಲೇ ಎಚ್ಚರಿಸಿದ್ದರು: “ತಮ್ಮಾ, ಇದು ಎರಿ ಮಣ್ಣು. ನಿನ್ನ ಮಡಗಾರ್ಡ ಕಿತ್ಕೊಂಡು ಹೋಗತೈತಿ ನೋಡು.”

ಎಡಬದಿಗೆ ಹಾಕಿದ್ದು ಎಂ6, ಅಂದರೆ 6 ಮಿ.ಮೀ. ಬೋಲ್ಟು ಹಿಡಿಯುವ, ರಿವೆಟ್ ನಟ್‌ಗಳು. ಹಾಳೆಗೆ ಸುಮಾರು 9 ಮಿ.ಮೀ. ತೂತು ಕೊರೆದು, ನಟ್ಟನ್ನು ಅದರೊಳಗೆ ಕೂರಿಸಿ, ಕೈಯುಪಕರಣದಿಂದ ಎಳೆದರೆ ಹಿಂಬದಿಯ ಭಾಗ ಉಬ್ಬಿ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ಹಾಳೆಯ ಹಿಂದೆ ಕೈ ಹೋಗದ ಜಾಗದಲ್ಲೂ ಕೂರುವುದು ಇದರ ದೊಡ್ಡ ಅನುಕೂಲ, ಮತ್ತು ನೋಡಲು ಇದರಷ್ಟು ಅಚ್ಚುಕಟ್ಟಾದುದು ಬೇರೆ ಇಲ್ಲ. ಆದರೆ ಗರಸಿನ ದಾರಿಯಿಂದ ಮರಳಿದ ಮೇಲೆ ಬೋಲ್ಟ್ ಬಿಚ್ಚಲು ಹೋದಾಗ ಒಂದು ನಟ್ಟು ತೂತಿನಲ್ಲೇ ಗಿರಗಿರನೆ ತಿರುಗತೊಡಗಿತು. ಹೀಗಾದಾಗ ಬೋಲ್ಟು ಬಿಗಿಯಾಗುವುದೂ ಇಲ್ಲ, ಸಡಿಲಾಗುವುದೂ ಇಲ್ಲ. ತಲೆಯನ್ನು ಗ್ರೈಂಡರಿನಿಂದ ಕತ್ತರಿಸಬೇಕಾಯಿತು, ಕಿಡಿ ಬಿದ್ದು ಬಣ್ಣವೂ ಹಾಳಾಯಿತು. ತಪ್ಪಿನ ಒಂದು ಪಾಲು ನನ್ನದೇ: ಕೈಯಲ್ಲಿ ಹಿಡಿದು ಕೊರೆದ ತೂತು ದೊಡ್ಡದಾಗಿತ್ತು, ಮತ್ತು ದುಂಡು ನಟ್ಟಿನ ಬದಲು ಆರು ಮೂಲೆಯದನ್ನು ಅದೇ ಆಕಾರದ ತೂತಿಗೆ ಹಾಕಿದ್ದರೆ ಅದು ತಿರುಗುತ್ತಿರಲಿಲ್ಲ. ಆದರೂ ತೆಳು ಹಾಳೆಯನ್ನು ನೆಚ್ಚಿಕೊಂಡು ಫೆಂಡರಿನ ಪೂರ್ತಿ ಭಾರ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಬಲಬದಿಯಲ್ಲಿ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪಟ್ಟಿಯನ್ನು ಕಮಾನಿನಂತೆ ಬಾಗಿಸಿ, ಹಿಂದೆ ಎಂ6 ನಟ್ಟುಗಳನ್ನು ವೆಲ್ಡ್ ಮಾಡಿ, ಪಟ್ಟಿಯನ್ನು ಹಾಳೆಯ ಒಳಗಿನಿಂದ ಚಾಸಿಯ ಪೈಪಿಗೇ ಬೆಸೆದೆ. ಹೀಗೆ ಭಾರ ನೇರವಾಗಿ ಚಾಸಿಗೆ ಇಳಿಯುತ್ತದೆ. ಇಂಥ ಪಟ್ಟಿ ಮೀಟರಿಗೆ ಸುಮಾರು 600 ಗ್ರಾಂ ತೂಗುತ್ತದೆ. ಹಗುರತೆಗಾಗಿ ಒದ್ದಾಡುವವರಿಗೆ ಇದು ಸಣ್ಣ ಮಾತಲ್ಲ. ವೆಲ್ಡಿಂಗಿನ ಸಿಡಿತ ನಟ್ಟಿನ ಒಳಗಿನ ತಿರುಪಿನ ಎಳೆಗಳಿಗೆ ಅಂಟಿಕೊಂಡದ್ದರಿಂದ ಪ್ರತಿಯೊಂದಕ್ಕೂ ಟ್ಯಾಪ್ ಹೊಡೆದು ಎಳೆಗಳನ್ನು ಬಿಡಿಸಬೇಕಾಯಿತು, ಆ ಕೆಲಸಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಆದರೆ ಎರೆಹೊಲದಲ್ಲಿ ಕೆಸರು ತುಂಬಿ ಟೈರು ಉಜ್ಜುವ ಹಂತಕ್ಕೆ ಬಂದಾಗಲೂ ಈ ಬದಿ ಕದಲಲಿಲ್ಲ. ಅಲ್ಲೇ ಕೂತು ಹತ್ತು ನಂಬರಿನ ಪಾನಾ ಒಂದರಿಂದಲೇ ಬಿಚ್ಚಿ, ಕೆಸರು ಕೆರೆದು, ಮತ್ತೆ ಹಾಕಿದೆ.

ಎಡಬದಿಯ ರಿವೆಟ್ ನಟ್ಟುಗಳನ್ನು ತೆಗೆದ ಮೇಲೆ ಅಲ್ಲಿ ಕಾಲು ಸುತ್ತು ತಿರುಗಿಸಿದರೆ ಬಿಚ್ಚುವ ಡ್ಜೂಸ್ ಮಾದರಿಯ ಕೊಂಡಿಗಳನ್ನೂ ನೋಡಿದೆ. ಬಿಚ್ಚುವ ವೇಗದಲ್ಲಿ ಇವಕ್ಕೆ ಸಾಟಿಯಿಲ್ಲ, ಒಂದು ನಿಮಿಷವೂ ಬೇಡ. ತೊಂದರೆಯೆಂದರೆ ಇವು ನಿಗದಿತ ದಪ್ಪಕ್ಕೆ ಮಾತ್ರ ಸರಿಯಾಗಿ ಬಿಗಿಯುತ್ತವೆ. ಕೈಯಿಂದ ಹಾಸಿದ ಫೈಬರ್ ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇರುವುದರಿಂದ ಕೆಲವು ಕೊಂಡಿಗಳು ಕಟಕಟ ಸದ್ದು ಮಾಡಿದವು, ಕೆಲವನ್ನು ತಿರುಗಿಸಲು ಇಬ್ಬರು ಬೇಕಾದರು.

ಎರಡು ಬದಿ ಅಂಟುವ ವಿಎಚ್‌ಬಿ ಟೇಪಿನ ವಿಚಾರ ಬೇಗ ಮುಗಿಯಿತು. ಒಂದು ತುಂಡು ಫೈಬರಿನ ಮೇಲೆ ಅದು ಚೆನ್ನಾಗಿಯೇ ಕಚ್ಚಿಕೊಂಡಿತು, ಆದರೆ ಪೂರ್ಣ ಬಲ ಬರಲು 72 ಗಂಟೆ ಬೇಕು, ಬಿಚ್ಚಲು ಗಾಳದ ದಾರದಿಂದ ಗರಗಸದಂತೆ ಕೊಯ್ಯಬೇಕು.

ಯಾವ ವಿಧಾನವಾದರೂ ಫೈಬರಿನ ಮೇಲೆ ಅಗಲವಾದ ವಾಷರ್ ಇರಲೇಬೇಕು. ಇಲ್ಲದಿದ್ದರೆ ಬೋಲ್ಟಿನ ಸುತ್ತ ಫೈಬರಿನ ಹೊರಪದರವಾದ ಜೆಲ್‌ಕೋಟ್ ನಕ್ಷತ್ರದಂತೆ ಸೀಳುತ್ತದೆ. ಫೈಬರಿನ ತೂತನ್ನು ಬೋಲ್ಟಿಗಿಂತ ಒಂದೆರಡು ಮಿ.ಮೀ. ದೊಡ್ಡದಾಗಿಯೇ ಕೊರೆದು, ಫೆಂಡರ್ ಮತ್ತು ಹಾಳೆಯ ನಡುವೆ ರಬ್ಬರ್ ಬೀಡಿಂಗ್ ಕೊಟ್ಟರೆ ನಡುಕವೂ ತಗ್ಗುತ್ತದೆ, ಸಂದಿನ ಸೊಟ್ಟವೂ ಮುಚ್ಚಿಹೋಗುತ್ತದೆ.

ಈಗ ಎಡಬದಿಗೂ ಪಟ್ಟಿಯೇ ಬಂದಿದೆ. ಡ್ಜೂಸ್ ಕೊಂಡಿಗಳು ಭಾರ ಹೊರದ, ಕೆಸರು ತಡೆಯುವ ಪುಟ್ಟ ಒಳಹಲಗೆಗಳಲ್ಲಿ ಉಳಿದಿವೆ, ಏಕೆಂದರೆ ಅವನ್ನು ಮಾಡಿದ್ದು ಒಂದೇ ದಪ್ಪದ ಅಲ್ಯೂಮಿನಿಯಂ ಹಾಳೆಯಿಂದ. ರಿವೆಟ್ ನಟ್ಟಿನ ಉಪಕರಣವನ್ನು ನಂಬರ್ ಪ್ಲೇಟಿಗೆಂದು ಎತ್ತಿಟ್ಟಿದ್ದೇನೆ, ನಂಬರ್ ಸಿಕ್ಕ ದಿನಕ್ಕೆ.